ಭಾರದ ಬಾವುಟ

ನನ್ನ ತಮ್ಮ ಎವಾರಿಸ್ತೊ ಕಡಲ್ಗಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಸೀಲ್ದ ಬಂದರಿನ ಹೆಂಡದಂಗಡಿಯಲ್ಲಿ ಕೂತು ಕಥೆ ಕಟ್ಟುವ ಈಗಿನ ಪಡ್ಡೆಗಳಿಗೆ ವ್ಯತ್ಯಾಸವೇ ಗೊತ್ತಿಲ್ಲ. ಕಡಲ್ಗಳ್ಳ ತನ್ನ ಹೊಟ್ಟೆಗಾಗಿ ಯಾರ ಹಡಗನ್ನಾದರೂ ಹಿಡಿಯುತ್ತಾನೆ. ನನ್ನ ತಮ್ಮನ ಬಳಿ ಸ್ಪೇನಿನ ದೊರೆಯ ಸನ್ನದಿತ್ತು. ಯುದ್ಧ ನಡೆಯುವಷ್ಟು ದಿನ ಇಂಗ್ಲಿಷರ ಹಡಗುಗಳನ್ನು ಹಿಡಿಯಬಹುದು, ಹಿಡಿದದ್ದನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿ ತೀರ್ಪು ಪಡೆಯಬೇಕು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅಂಗೈಯಗಲದ ಕೆಂಪು ಅರಗಿನ ಮುದ್ರೆ. ನಾನೇ ಮುಟ್ಟಿ ನೋಡಿದ್ದೇನೆ.

ನಾನು ಬ್ರಿಜಿದಾ. ಈ ಬಂದರಿನಲ್ಲಿ ನಲವತ್ತು ವರ್ಷ ಹಡಗುಗಳಿಗೆ ಹಾಯಿ ಹೊಲಿದವಳು. ನನ್ನ ಬಲಗೈ ಮುಟ್ಟಿದರೆ ಆಮೆಯ ಬೆನ್ನು ಮುಟ್ಟಿದ ಹಾಗಿರುತ್ತದೆ. ಎವಾರಿಸ್ತೊ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವ್ವ ಸತ್ತ ಮೇಲೆ ಅವನನ್ನು ಸಾಕಿದವಳು ನಾನೇ. ಹಾಗಾಗಿ ಅವನ ಬಗ್ಗೆ ಜಂಬ ಕೊಚ್ಚಿಕೊಳ್ಳುವ ಹಕ್ಕು ನನಗೆ ಉಳಿದವರಿಗಿಂತ ಒಂದು ಹಿಡಿ ಹೆಚ್ಚೇ ಇದೆ.

ಅವ್ವನ ವಿಷಯ ಹೇಳದೆ ಈ ಕಥೆ ಅರ್ಥವಾಗುವುದಿಲ್ಲ. ಅವಳು ಸಕ್ಕರೆ ಗಾಣದ ಧಣಿಯೊಬ್ಬನ ಗುಲಾಮಳಾಗಿ ಹುಟ್ಟಿದವಳು. ಇಪ್ಪತ್ತು ವರ್ಷ ಭಾನುವಾರ ಭಾನುವಾರ ತೆಂಗಿನಕಾಯಿ ಮಿಠಾಯಿ ಮಾರಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡಳು. ನಾವಿಬ್ಬರೂ ಹುಟ್ಟಿದ್ದು ಆಮೇಲೆ. ಬಿಡುಗಡೆ ಪತ್ರವನ್ನು ಅವಳು ಯಾವಾಗಲೂ ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದಳು. ಒಂದು ಸಲ ಪಕ್ಕದ ಊರಿನ ಸಂತೆಗೆ ಹೋದಾಗ ಕುಡಿದ ಸಿಪಾಯಿಯೊಬ್ಬ ತೋರಿಸು ಎಂದು ಕಸಿದುಕೊಂಡು, ನೋಡಿ ನಕ್ಕು, ಒಲೆಗೆ ಹಾಕಿದ. ಅವ್ವ ಮೂರು ತಿಂಗಳು ಜೈಲಿನಲ್ಲಿದ್ದಳು. ಯಾರ ಮನೆಯ ಗುಲಾಮಳು ಹೇಳು ಎಂದು ದಿನಾ ಬಡಿದರು. ಕೊನೆಗೆ ನಮ್ಮ ಚರ್ಚಿನ ಪಾದ್ರಿ ನಡೆದುಕೊಂಡೇ ಹೋಗಿ ಹೊಸ ಪತ್ರ ಬರೆಸಿ ಬಿಡಿಸಿದರು. ಮನೆಗೆ ಬಂದವಳು ಮೊದಲು ನೀರನ್ನೂ ಕೇಳಲಿಲ್ಲ. ಹುಟ್ಟಿದಾಗ ಚರ್ಚಿನಲ್ಲಿ ಬರೆದುಕೊಟ್ಟ ನಮ್ಮಿಬ್ಬರ ಜ್ಞಾನಸ್ನಾನದ ಪತ್ರಗಳಿಗೆ ಎರಡೆರಡು ನಕಲು ಮಾಡಿಸಲು ಹೋದಳು. ನಮ್ಮ ಬಣ್ಣದವರು ಹುಟ್ಟಿನಿಂದ ಸ್ವತಂತ್ರರು ಎಂದು ಹೇಳಲು ಆ ಪತ್ರ ಒಂದೇ ದಿಕ್ಕು.

ಎವಾರಿಸ್ತೊ ಹದಿಮೂರಕ್ಕೇ ಆಮೆ ಹಿಡಿಯುವವರ ದೋಣಿ ಹತ್ತಿದ. ನಮ್ಮ ದಕ್ಷಿಣದ ಕಡಲಿನ ಚಿಕ್ಕ ದ್ವೀಪಗಳು, ಹವಳದ ದಿಬ್ಬಗಳು, ಉಪ್ಪುನೀರಲ್ಲಿ ಬೆಳೆಯುವ ಯಾವ ಕಾಂಡ್ಲ ಪೊದೆಯ ಹಿಂದೆ ಎಷ್ಟು ಆಳ, ಎಲ್ಲವೂ ಅವನಿಗೆ ಕಣ್ಣು ಕಟ್ಟಿದರೂ ಗೊತ್ತು. ಇಂಗ್ಲಿಷರ ಜೊತೆ ಯುದ್ಧ ಶುರುವಾದಾಗ ಸನ್ನದು ಕೇಳಿ ಹೋದವರಲ್ಲಿ ಅವನೊಬ್ಬನೇ ಕಪ್ಪು ಬಣ್ಣದವನು. ಗವರ್ನರರ ಪ್ರತಿನಿಧಿ ದೊನ್ ಫುಲ್ಹೆನ್ಸಿಯೊ ಮೂಗು ಮುರಿದರು. ಆದರೆ ಆ ವರ್ಷವೇ ಬಿಳಿ ಕಪ್ತಾನರಿಬ್ಬರು ಹೊಸ ಹಡಗುಗಳನ್ನು ಹವಳದ ಮೇಲೆ ಹತ್ತಿಸಿ ಕೂತಿದ್ದರು. ಬೇರೆ ದಾರಿಯಿಲ್ಲದೆ ದೊನ್ ಫುಲ್ಹೆನ್ಸಿಯೊ ಸನ್ನದಿಗೆ ಮುದ್ರೆ ಒತ್ತಿದರು.

ಹಡಗಿನ ಹೆಸರು ಕಂದೆಲಾರಿಯಾ. ಒಂದು ಹಾಯಿಕಂಬ, ಆರು ಫಿರಂಗಿ, ಹದಿನೆಂಟು ಜನ. ಅದರಲ್ಲಿ ನಾಲ್ವರು ಬಿಳಿಯರು, ಎವಾರಿಸ್ತೊ ಸೇರಿ ಹದಿನಾಲ್ಕು ಮಂದಿ ನಮ್ಮವರು. ಹಾಯಿ ನಾನು ಹೊಲಿದೆ. ಸ್ಪೇನಿನ ಬಾವುಟವನ್ನೂ ನಾನೇ ಹೊಲಿದೆ. ಬಿಳಿಯ ಬಟ್ಟೆ, ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಿಲುಬೆ.

ಸನ್ನದಿನವರಿಗೆ ಒಂದು ಕಟ್ಟಳೆ ಇದೆ. ಬೇಟೆಯ ಹಡಗಿನ ಹತ್ತಿರ ಹೋಗುವ ತನಕ ಯಾವ ದೇಶದ ಬಾವುಟವನ್ನಾದರೂ ಹಾರಿಸಿ ಮೋಸ ಮಾಡಬಹುದು. ಆದರೆ ಮೊದಲ ಗುಂಡು ಹಾರುವ ಮುಂಚೆ ಸ್ವಂತ ಬಾವುಟ ಮೇಲೇರಿರಬೇಕು. ಕಟ್ಟಳೆ ಎಲ್ಲ ಕಪ್ತಾನರಿಗೂ ಗೊತ್ತು. ಪಾಲಿಸುವವರು ಕಡಿಮೆ. ಗುಂಡು ಹೊಡೆದು, ಎದುರಿನವರು ಶರಣಾದ ಮೇಲೆ ಬಾವುಟ ಏರಿಸಿ, ಮೊದಲೇ ಇತ್ತು ಎಂದು ಆಣೆ ಮಾಡುತ್ತಾರೆ. ಎವಾರಿಸ್ತೊ ಹಾಗೆ ಮಾಡಲಿಲ್ಲ.

"ಬಿಳಿ ಕಪ್ತಾನ ಸಿಕ್ಕಿಬಿದ್ರೆ ದಂಡ ಕಟ್ಟಿ ಮನೆಗೆ ಬರ್ತಾನೆ ಅಕ್ಕ," ಎಂದಿದ್ದ. "ನಾನು ಸಿಕ್ಕಿಬಿದ್ರೆ ಕಡಲ್ಗಳ್ಳ ಅಂತ ನೇಣಿಗೆ ಹಾಕ್ತಾರೆ. ಬಾವುಟ ಬಿಚ್ಚಿ ಹಾರೋ ತನಕ ನಾನು ಬತ್ತಿ ಮುಟ್ಟಿಸಲ್ಲ."

ಇದು ಅವನ ಕಟ್ಟಳೆ. ಇದಕ್ಕೆ ನನ್ನದೊಂದು ಸೇರಿತು. ಹದಿನಾಲ್ಕು ಜನರ ಪತ್ರಗಳಿಗೂ ನಕಲು ಮಾಡಿಸಿ, ಒಂದು ಪ್ರತಿ ಹಡಗಿನ ಪೆಟ್ಟಿಗೆಯಲ್ಲಿ ಇಡಿಸಿದೆ. ಇನ್ನೊಂದು ಪ್ರತಿಯನ್ನು ಸುರುಳಿ ಸುತ್ತಿ, ಮೇಣಬಟ್ಟೆಯಲ್ಲಿ ಕಟ್ಟಿ, ಹಗ್ಗ ಪೋಣಿಸುವ ಬಾವುಟದ ದಪ್ಪ ಅಂಚಿನೊಳಗೆ ಸಾಲಾಗಿ ಇಟ್ಟು ದಬ್ಬಣದಲ್ಲಿ ಹೊಲಿದುಬಿಟ್ಟೆ. ಇದೇನು ಹುಚ್ಚಾಟ ಎಂದು ಎವಾರಿಸ್ತೊ ಕೇಳಿದ.

"ಪೆಟ್ಟಿಗೇಲಿರೋ ಕಾಗದಾನ ಗೆದ್ದೋನು ನೀರಿಗೆ ಎಸೀತಾನೆ ಕಣೋ," ಎಂದೆ. "ಬಾವುಟಾನ ಮಾತ್ರ ಯಾವ ಗಂಡಸೂ ಎಸೆಯಲ್ಲ. ಮನೆಗೆ ತಗೊಂಡು ಹೋಗಿ ಗೋಡೆಗೆ ನೇತಾಕಿ ಮೀಸೆ ತಿರುವ್ತಾನೆ."

ಅವನು ಅಂಚನ್ನು ಎಳೆದು ನೋಡಿ, ಹೊಲಿಗೆ ಇನ್ನೂ ಬಿಗಿಯಾಗಲಿ ಎಂದ.

ತೊಂದರೆ ಏನೆಂದರೆ ಬಾವುಟ ಭಾರವಾಯಿತು. ಜೋರು ಗಾಳಿಗೆ ಚೆನ್ನಾಗಿ ಹಾರುತ್ತಿತ್ತು. ಗಾಳಿ ಮಂದವಾದರೆ ಒದ್ದೆ ಬಟ್ಟೆಯಂತೆ ಜೋತು ಬೀಳುತ್ತಿತ್ತು. ಎರಡನೆಯ ವರ್ಷ ಕ್ರೂಸ್ ಭೂಶಿರದ ಹತ್ತಿರ ಒಂದು ದೊಡ್ಡ ಇಂಗ್ಲಿಷ್ ಹಡಗು, ಹೊಟ್ಟೆ ತುಂಬ ಬಟ್ಟೆ, ಬೆಣ್ಣೆ, ಕಬ್ಬಿಣ ತುಂಬಿಕೊಂಡು, ಫಿರಂಗಿಯ ಬಾಯಿಗೇ ಬಂತು. ಗಾಳಿಯಿಲ್ಲ. ಬಾವುಟ ಏರಿಸಿದರು, ಅದು ಬಿಚ್ಚಿಕೊಳ್ಳಲಿಲ್ಲ. ಹುಡುಗರು ಬತ್ತಿ ಹಿಡಿದು ಕುಣಿಯುತ್ತಿದ್ದರು. ತಾಳು, ತಾಳು ಎಂದು ಎವಾರಿಸ್ತೊ ಕೈ ಎತ್ತಿಕೊಂಡೇ ನಿಂತ. ಅಷ್ಟರಲ್ಲಿ ಗಾಳಿ ಬಂತು, ಆದರೆ ಮೊದಲು ಆ ಹಡಗಿನ ಕಡೆಗೆ ಬಂತು. ಅದು ಹಾಯಿ ಉಬ್ಬಿಸಿಕೊಂಡು ಹೊರಟೇಹೋಯಿತು.

ಊರು ಎರಡು ವಾರ ನಕ್ಕಿತು. ಅವನಿಗೆ ತಾಳು-ತಾಳು ಕಪ್ತಾನ ಎಂದು ಹೆಸರಾಯಿತು. ಮೀನು ಮಾರುವವಳು ನನಗೆ ಮೀನು ತೂಗುವಾಗಲೂ ತಾಳು, ತಾಳು ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಚು ಬಿಚ್ಚಿ ಪತ್ರ ತೆಗೆಯುತ್ತೇನೆ, ಬಾವುಟ ಹಗುರಾಗಲಿ ಎಂದು ದಬ್ಬಣ ತೆಗೆದುಕೊಂಡು ಹೋದೆ. ಎವಾರಿಸ್ತೊ ಬಾವುಟದ ಮೇಲೆ ಕೂತುಬಿಟ್ಟ. ಹಡಗು ಇನ್ನೊಂದು ಸಿಗುತ್ತದೆ, ಈ ಹದಿನಾಲ್ಕು ಮಂದಿ ಇನ್ನೊಂದು ಸಲ ಸಿಗುವುದಿಲ್ಲ ಎಂದ. ಆವತ್ತು ನನಗೆ ಅವನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಮುಚ್ಚಿಕೊಳ್ಳಲು ಅವನನ್ನು ಬೈದೆ.

ಹಡಗುಗಳು ಸಿಕ್ಕವು. ನಾಲ್ಕು ವರ್ಷದಲ್ಲಿ ಹನ್ನೊಂದು. ಒಂದೊಂದು ಬಂದಾಗಲೂ ನಮ್ಮ ಬಂದರಿನ ಹಿಂದಿರುವ ತ್ರಿನಿದಾದ್ ಪಟ್ಟಣದ ಗುಡ್ಡದ ಮೇಲೆ ಚರ್ಚಿನ ಗಂಟೆ ಹೊಡೆಯುತ್ತಿತ್ತು. ಚರ್ಚಿಗೆ ಹೊಸ ಚಾವಣಿ ಹಾಕಿಸಿದವನು ನನ್ನ ತಮ್ಮ. ಊರಿನ ದೊಡ್ಡ ಮನೆಗಳ ಹೆಂಗಸರು ಅವನು ಹಿಡಿದು ತಂದ ನಾರುಬಟ್ಟೆಯ ಲಂಗ ಉಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವನು ಹಿಂದೆ ಕಂಬದ ಪಕ್ಕ ನಿಲ್ಲುತ್ತಿದ್ದ. ನಾನೂ ಅಲ್ಲೇ ನಿಂತು ತಲೆಯೆತ್ತಿ ಚಾವಣಿ ನೋಡುತ್ತಿದ್ದೆ.

ಐದನೆಯ ವರ್ಷದ ಈಸ್ಟರ್ ಹಬ್ಬಕ್ಕೆ ಕಂದೆಲಾರಿಯಾ ಬರಲಿಲ್ಲ. ಇನ್ನೂ ಆರು ವಾರ ಕಳೆದ ಮೇಲೆ, ಕೈದಿಗಳನ್ನು ಅದಲುಬದಲು ಮಾಡುವ ಸಂಧಿ ಹಡಗಿನಲ್ಲಿ ಕಂದೆಲಾರಿಯಾದ ಅಡುಗೆಯವ ಗಾಸ್ಪಾರ್, ಉಳಿದ ಮೂವರು ಬಿಳಿಯರ ಜೊತೆ ಬಂದ. ಕನಾರಿ ದ್ವೀಪದ ಬಿಳಿಯ. ಬಂದವನೇ ನನ್ನ ಅಂಗಡಿಯ ಹಾಯಿಬಟ್ಟೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದ.

ಜಮೈಕಾದ ಇಂಗ್ಲಿಷ್ ಕಪ್ತಾನ ವಿಟ್ಲಾಕ್ ಎಂಬುವನ ದೊಡ್ಡ ಹಡಗು ಅವರನ್ನು ಅಡ್ಡಗಟ್ಟಿತ್ತು. ಹದಿನಾಲ್ಕು ಫಿರಂಗಿ. ಎವಾರಿಸ್ತೊ ಬಾವುಟ ಏರಿಸಿಯೇ ಹೊಡೆದ. ಎರಡು ಗಂಟೆ ಕಾದಾಡಿದರು, ಚುಕ್ಕಾಣಿ ಮುರಿದ ಮೇಲೆ ಶರಣಾದರು. ವಿಟ್ಲಾಕ್ ಹಡಗು ಹತ್ತಿ, ಕಪ್ತಾನನ ಪೆಟ್ಟಿಗೆ ಒಡೆಸಿ, ಸನ್ನದು ಸಮೇತ ಕಾಗದಗಳನ್ನೆಲ್ಲ ಎಲ್ಲರ ಕಣ್ಣೆದುರೇ ಕಡಲಿಗೆ ಎಸೆದ. ಬಿಳಿಯರು ನಾಲ್ವರನ್ನು ಯುದ್ಧಕೈದಿಗಳು ಎಂದು ಬೇರೆ ಮಾಡಿದ. ಉಳಿದ ಹದಿನಾಲ್ಕು ಜನ ಓಡಿಬಂದ ಗುಲಾಮರು, ಹಡಗಿನ ಜೊತೆ ಸಿಕ್ಕ ಸಾಮಾನು, ಮಾರಲು ಅಪ್ಪಣೆ ಬೇಕು ಎಂದು ಕಿಂಗ್‌ಸ್ಟನ್ನಿನ ಕಡಲ ನ್ಯಾಯಸ್ಥಾನದಲ್ಲಿ ಕೇಳಿಕೊಂಡಿದ್ದ. ಕಬ್ಬಿನ ಗದ್ದೆಯವರು ಆಗಲೇ ಬಂದು ಅವರ ಹಲ್ಲು ನೋಡಿಕೊಂಡು ಹೋಗಿದ್ದರು. ವಿಚಾರಣೆ ಜೂನ್ ಕೊನೆಗೆ, ಸಂತ ಯೊವಾನ್ನರ ಹಬ್ಬ ಕಳೆದ ಮೇಲೆ.

ನನ್ನ ತಮ್ಮನ ಹಲ್ಲು ನೋಡಿದರಂತೆ. ಇಪ್ಪತ್ತು ವರ್ಷ ಮಿಠಾಯಿ ಮಾರಿದ ನಮ್ಮವ್ವನ ಮಗನ ಹಲ್ಲು.

"ಕಪ್ತಾನ್ರು ನಿಮಗೆ ಒಂದೇ ಮಾತು ಹೇಳ್ಕಳ್ಸಿದಾರೆ ಬ್ರಿಜಿದಕ್ಕ," ಎಂದ ಗಾಸ್ಪಾರ್. "ಬಾವುಟ ವಿಟ್ಲಾಕ್ ಮನೆ ಗೋಡೆ ಮೇಲಿದೆಯಂತೆ. ಒಂದು ಹೊಲಿಗೇನೂ ಬಿಚ್ಚಿಲ್ಲವಂತೆ."

ಚರ್ಚಿನಿಂದ ಹೊಸ ನಕಲು ಬರೆಸಿಕೊಂಡು ಹೋದರಾಗದೇ ಎಂದು ಎಲ್ಲರೂ ಕೇಳಿದರು. ಗಾಸ್ಪಾರ್ ಅದನ್ನೂ ವಿಚಾರಿಸಿಕೊಂಡು ಬಂದಿದ್ದ. ಆಮೇಲೆ ತಂದ ಕಾಗದವನ್ನು ಆ ನ್ಯಾಯಸ್ಥಾನ ಒಪ್ಪುವುದಿಲ್ಲ. ಹಡಗು ಸೆರೆಸಿಕ್ಕ ಹೊತ್ತಿನಲ್ಲಿ ಹಡಗಿನ ಮೇಲೇ ಇದ್ದ ಕಾಗದ ಬೇಕು. ಅಂಥದ್ದು ಈ ಭೂಮಿಯ ಮೇಲೆ ಒಂದೇ ಕಡೆ ಇತ್ತು. ಅದು ವಿಟ್ಲಾಕ್‌ಗೆ ಗೊತ್ತಾದರೆ ಒಲೆಗೆ ಹೋಗುತ್ತಿತ್ತು.

ಮಾರನೆಯ ದಿನವೇ ದೊನ್ ಫುಲ್ಹೆನ್ಸಿಯೊರ ಬಾಗಿಲಿಗೆ ಹೋದೆ. ಸಂಧಿ ಹಡಗಿನಲ್ಲಿ ಹೆಂಗಸಿಗೆ ಜಾಗವಿಲ್ಲ, ಅದರಲ್ಲೂ ನಿನ್ನಂಥವಳನ್ನು ಅಲ್ಲಿ ಹಿಡಿದು ಮಾರಿದರೆ ಯಾರು ಹೊಣೆ ಎಂದರು. ಅವರ ಹೆಂಡತಿ ಅಲ್ಲೇ ಕೂತು ಬೀಸಣಿಗೆ ಆಡಿಸುತ್ತಿದ್ದರು. ಅವರು ಉಟ್ಟಿದ್ದ ಲಂಗ ನನ್ನ ತಮ್ಮ ಹಿಡಿದ ಏಳನೆಯ ಹಡಗಿನದು. ನಾನು ಆ ಲಂಗವನ್ನೇ ನೋಡುತ್ತಾ ನಿಂತೆ. ಆಯಮ್ಮ ಬೀಸಣಿಗೆ ಮಡಿಸಿ ಗಂಡನ ಕಡೆ ತಿರುಗಿ, ಆ ಹಡಗಿನ ಹಾಯಿಗಳು ಹರಿದು ಹೋಗಿವೆಯಂತಲ್ಲ, ಹೊಲಿಯುವವಳು ಬೇಡವೇ ಎಂದರು. ಹಾಗೆ ಹೊರಟೆ. ನನ್ನ ಪತ್ರ ರವಿಕೆಯೊಳಗೆ, ದಬ್ಬಣ ಮೇಣ ಚೀಲದೊಳಗೆ. ದಾರಿಯುದ್ದಕ್ಕೂ ನಿಜವಾಗಿಯೂ ಹಾಯಿ ಹೊಲಿದೆ. ಮರಗೆಣಸಿನ ಒಣ ರೊಟ್ಟಿ ತಿಂದುಕೊಂಡು ಒಂಬತ್ತು ದಿನ.

ಕಿಂಗ್‌ಸ್ಟನ್ನಿನಲ್ಲಿ ನಮ್ಮ ಮಾತು ಬಲ್ಲವರೆಂದರೆ ಯೆಹೂದಿ ವ್ಯಾಪಾರಿಗಳು. ಅವರಲ್ಲಿ ಇಸಾಕ್ ಪಿನ್ಯೇರೊ ಎಂಬ ಮುದುಕರು ನ್ಯಾಯಸ್ಥಾನದ ದುಭಾಷಿ, ಕೈದಿಗಳ ಪರವಾಗಿ ಪ್ರಶ್ನೆ ಕೇಳುವ ಹಕ್ಕೂ ಅವರಿಗಿತ್ತು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವರು ನಶ್ಯ ಏರಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ತಾಯಿ, ನೀನು ಆ ಕೋಣೇಲಿ ಬಾಯಿ ಬಿಡೋ ಹಾಗಿಲ್ಲ," ಎಂದರು. "ಬಿಳಿಯನ ವಿರುದ್ಧ ನಿನ್ನ ಬಣ್ಣದೋರ ಸಾಕ್ಷಿ ಇಲ್ಲಿ ನಡಿಯಲ್ಲ. ಈ ಬಾವುಟ ಹಡಗಿನ ಮೇಲಿತ್ತು ಅಂತ ಬಿಳಿ ಬಾಯೊಂದು ಹೇಳ್ಬೇಕು. ನಿಮ್ಮ ನಾಲ್ವರು ಊರಿಗೆ ಹೋದ್ರು. ಇನ್ಯಾರು ಹೇಳ್ತಾರೆ?"

"ವಿಟ್ಲಾಕೇ ಹೇಳ್ತಾನೆ," ಎಂದೆ. "ಗಂಡಸು ಗೆದ್ದ ಕಥೇನ ಎರಡು ಸಲ ಕೇಳಿ ಸಾಕು ಸ್ವಾಮಿ. ಮೂರನೇ ಸಲ ಕೇಳದೇನೇ ಹೇಳ್ತಾನೆ."

ಮುದುಕರು ಸೀನಿದರು. ನಕ್ಕಿದ್ದೋ ಸೀನಿದ್ದೋ ನನಗೆ ತಿಳಿಯಲಿಲ್ಲ.

ವಿಚಾರಣೆಯ ದಿನ ಹದಿನಾಲ್ಕು ಜನರನ್ನೂ ಒಂದೇ ಸರಪಳಿಯಲ್ಲಿ ತಂದರು. ಎವಾರಿಸ್ತೊ ಮೊದಲನೆಯವ. ಗಡ್ಡ ಬೆಳೆದಿತ್ತು, ಪಕ್ಕೆಲುಬು ಎಣಿಸಬಹುದಿತ್ತು, ಆದರೂ ತನ್ನ ಹಡಗಿನ ಮೇಲೆ ನಿಂತ ಹಾಗೆಯೇ ನಿಂತಿದ್ದ. ನನ್ನನ್ನು ಕಂಡು ಕಣ್ಣು ಮುಚ್ಚಿ ತೆರೆದ, ಅಷ್ಟೆ. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಅಳಬಾರದೆಂದು ನಾಲಿಗೆ ಕಚ್ಚಿಕೊಂಡೆ.

ವಿಟ್ಲಾಕ್ ದೊಡ್ಡ ಹೊಟ್ಟೆಯ, ಕೆಂಪು ಮುಖದ ಆಳು. ಪಿನ್ಯೇರೊ ಎದ್ದು ಬಹಳ ವಿನಯದಿಂದ ಶುರುಮಾಡಿದರು. ಇದು ದೊಡ್ಡ ಕಾಳಗವೆಂದು ಕೇಳಿದ್ದೇನೆ, ಆದರೆ ಪೇಟೆಯಲ್ಲಿ ಕೆಲವರು ಅದು ಬರೀ ಮೀನುದೋಣಿ, ಬಾವುಟವೂ ಇರಲಿಲ್ಲ, ಕಪ್ತಾನರು ಯಾವುದೋ ಅಂಗಡಿಯಲ್ಲಿ ಬಾವುಟ ಕೊಂಡು ಮನೆಗೆ ನೇತುಹಾಕಿದ್ದಾರೆ ಎನ್ನುತ್ತಾರಲ್ಲ ಎಂದರು. ಮಾತು ಮುಗಿಯುವ ಮೊದಲೇ ಜನ ನಕ್ಕರು. ವಿಟ್ಲಾಕನ ಕುತ್ತಿಗೆ ಬೀಟ್‌ರೂಟಿನಂತಾಯಿತು. ಮನೆಗೆ ಆಳು ಓಡಿಸಿ ಬಾವುಟ ತರಿಸಿ, ನ್ಯಾಯಾಧೀಶರ ಮೇಜಿನ ಮೇಲೆ ಹರವಿದ. ಕೆಂಪು ಶಿಲುಬೆಯ ಎರಡು ಕಡೆ ಗುಂಡು ತೂರಿದ ತೂತು. ನನ್ನ ಕೈಗಳು ತಾವಾಗಿಯೇ ಮುಂದೆ ಚಾಚಿಕೊಂಡವು, ಹಿಂದಕ್ಕೆಳೆದುಕೊಂಡೆ.

ಇದು ಸೆರೆಸಿಕ್ಕ ಹಡಗಿನ ಮೇಲೆಯೇ ಹಾರುತ್ತಿತ್ತೇ ಎಂದು ಪಿನ್ಯೇರೊ ಕೇಳಿದರು. ಹಾರುತ್ತಿತ್ತು, ಈ ತೂತುಗಳು ನನ್ನ ಫಿರಂಗಿಯವು ಎಂದ. ಇಳಿಸಿದವರು ಯಾರು? ನಾನೇ, ಈ ಕೈಯಿಂದ. ಆಮೇಲೆ ಬೇರೆ ಯಾರ ಕೈಗಾದರೂ ಹೋಗಿತ್ತೇ, ಯಾರಾದರೂ ಇದಕ್ಕೆ ಏನಾದರೂ ಸೇರಿಸಿರಬಹುದೇ? ನನ್ನ ಮನೆಯ ಗೋಡೆ ಬಿಟ್ಟು ಎಲ್ಲಿಗೂ ಹೋಗಿಲ್ಲ, ಯಾರೂ ಮುಟ್ಟಿಲ್ಲ ಎಂದು ವಿಟ್ಲಾಕ್ ಬೈಬಲ್ ಮೇಲೆ ಕೈಯಿಟ್ಟು ಹೇಳಿದ. ಗುಮಾಸ್ತ ಬರೆದುಕೊಂಡ. ಬರೆದದ್ದನ್ನು ಪಿನ್ಯೇರೊ ಗಟ್ಟಿಯಾಗಿ ಓದಿಸಿದರು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ, ಈ ಅಂಚನ್ನು ಬಿಚ್ಚಲು ಅಪ್ಪಣೆಯಾಗಬೇಕು, ಬಿಚ್ಚಬಲ್ಲವಳು ಇಲ್ಲೇ ಇದ್ದಾಳೆ ಎಂದರು.

ನನಗೆ ಮಾತಾಡುವ ಹಕ್ಕಿರಲಿಲ್ಲ. ಹೊಲಿಗೆ ಬಿಚ್ಚಬೇಡ ಎಂಬ ಕಾನೂನನ್ನು ಯಾರೂ ಮಾಡಿರಲಿಲ್ಲ. ಮೇಜಿನ ಹತ್ತಿರ ಹೋಗಿ ದಬ್ಬಣದ ಮೊನೆ ಹಾಕಿ ಒಂದೊಂದೇ ಗಂಟು ಬಿಚ್ಚಿದೆ. ಐದು ವರ್ಷ ಉಪ್ಪುನೀರು ಕುಡಿದ ದಾರ ಬಹಳ ಸತಾಯಿಸಿತು. ಮೊದಲ ಸುರುಳಿ ಉರುಳಿತು. ಎರಡನೆಯದು. ಪಿನ್ಯೇರೊ ಮೇಣಬಟ್ಟೆ ಬಿಡಿಸಿ ಹೆಸರು ಓದುತ್ತಾ ಹೋದರು, ಸರಪಳಿಯಲ್ಲಿದ್ದವರು ಒಬ್ಬೊಬ್ಬರಾಗಿ ತಲೆಯೆತ್ತಿದರು. ಆರನೆಯದಕ್ಕೆ ವಿಟ್ಲಾಕ್ ಎದ್ದು ನಿಂತು ಕೂಗಾಡಲು ಶುರುಮಾಡಿದ. ನ್ಯಾಯಾಧೀಶರು ಅವನ ಆಣೆಯನ್ನು ಗುಮಾಸ್ತನಿಂದ ಇನ್ನೊಂದು ಸಲ ಓದಿಸಿದರು. ಅವನು ಕೂತ. ಹದಿನಾಲ್ಕನೆಯದು ಎವಾರಿಸ್ತೊನದು. ಸ್ವತಂತ್ರ ತಾಯಿಗೆ ಹುಟ್ಟಿದ ಸ್ವತಂತ್ರ ಮಗ ಎಂದು ಪಾದ್ರಿಯ ಕೈಬರಹ, ಶಾಯಿ ಒಂದಿಷ್ಟೂ ಹರಡಿರಲಿಲ್ಲ. ಹೊಲಿಗೆ ಅಷ್ಟು ಬಿಗಿಯಾಗಿತ್ತು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನ್ಯಾಯಾಧೀಶರು ಬಹಳ ಹೊತ್ತು ಯೋಚಿಸಲಿಲ್ಲ. ಹಡಗು ವಿಟ್ಲಾಕ್‌ಗೆ, ಬಾವುಟವೂ ವಿಟ್ಲಾಕ್‌ಗೆ, ಜನ ಮಾತ್ರ ಯಾರ ಸಾಮಾನೂ ಅಲ್ಲ, ಯುದ್ಧಕೈದಿಗಳು, ಮುಂದಿನ ಸಂಧಿ ಹಡಗಿನಲ್ಲಿ ಊರಿಗೆ ಕಳಿಸಬೇಕು ಎಂದರು. ಸರಪಳಿ ಬಿಚ್ಚಿದರು. ಎವಾರಿಸ್ತೊ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಬಂದು, ನಡಿ ಅಕ್ಕ ಹೋಗೋಣ ಎಂದ.

"ತಾಳು," ಎಂದೆ.

ಅಂಚು ಬಾಯಿಬಿಟ್ಟುಕೊಂಡು ಮೇಜಿನ ಮೇಲೆ ಬಿದ್ದಿತ್ತು. ನನ್ನ ಕೆಲಸವನ್ನು ಹಾಗೆ ಬಿಟ್ಟು ಹೋಗುವುದು ನನ್ನಿಂದಾಗದು. ಪಿನ್ಯೇರೊ ಅವರ ಮೂಲಕ ವಿಟ್ಲಾಕ್‌ಗೆ ಹೇಳಿಸಿದೆ. ಬಾವುಟ ನಿನ್ನದು, ಕಾದಾಡಿ ಗೆದ್ದಿದ್ದೀಯ, ಇಟ್ಟುಕೋ. ಆದರೆ ನನ್ನ ತಮ್ಮನ ಬಾವುಟ ನಿನ್ನ ಗೋಡೆಯ ಮೇಲೆ ಅಂಚು ಹರಿದುಕೊಂಡು ತೂಗಬಾರದು. ನ್ಯಾಯಾಧೀಶರು ಆಗಲಿ ಎಂದು ಕೈಸನ್ನೆ ಮಾಡಿದರು. ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡು, ದಾರಕ್ಕೆ ಮೇಣ ಹಚ್ಚಿ, ನ್ಯಾಯಸ್ಥಾನದ ಜಗುಲಿಯ ಮೇಲೆ ಕೂತು ಆ ಅಂಚನ್ನು ಮೊದಲಿಂದ ಕೊನೆಯ ತನಕ ಹೊಲಿದೆ. ಹದಿನಾಲ್ಕು ಗಂಡಸರು ಬಿಸಿಲಿನಲ್ಲಿ ಸಾಲಾಗಿ ನಿಂತು ಕಾದರು. ಒಬ್ಬನೂ ಬೇಗ ಎನ್ನಲಿಲ್ಲ. ಈಗಲೂ ಅದು ಆ ಮನೆಯ ಗೋಡೆಯ ಮೇಲಿದೆಯಂತೆ, ನೋಡಿ ಬಂದವರು ಹೇಳುತ್ತಾರೆ. ವಿಟ್ಲಾಕನ ಮಕ್ಕಳು ಅತಿಥಿಗಳಿಗೆ ತೋರಿಸುವುದು ಕೆಂಪು ಶಿಲುಬೆಯನ್ನು, ಗುಂಡಿನ ತೂತುಗಳನ್ನು. ಅಂಚಿನ ಕಥೆ ಹೇಳುವುದಿಲ್ಲವಂತೆ.

ಊರಿಗೆ ಬಂದ ದಿನ ಗಂಟೆ ಹೊಡೆದರು. ಹಿಡಿದು ತಂದ ಹಡಗಿಲ್ಲದೆ ಗಂಟೆ ಹೊಡೆದದ್ದು ಅದೊಂದೇ ಸಲ.

ವರ್ಷದೊಳಗೆ ಹೊಸ ಸನ್ನದು ಬಂತು, ಹೊಸ ಹಡಗೂ ಆಯಿತು. ಹೊಸ ಬಾವುಟಕ್ಕೆ ಬಟ್ಟೆ ಕತ್ತರಿಸಿ ಕೂತಿದ್ದಾಗ ಹೊಸ ಹಡಗಿಗೆ ಸೇರಿದವರು ನನ್ನ ಅಂಗಡಿಯ ಬಾಗಿಲಿಗೆ ಒಬ್ಬೊಬ್ಬರೇ ಬಂದರು. ಹಳಬರಷ್ಟೇ ಅಲ್ಲ. ಬೇರೆ ಕಪ್ತಾನರ ಕೈಕೆಳಗೆ ದುಡಿದವರು, ನಕ್ಕು ನಕ್ಕು ತಾಳು-ತಾಳು ಎಂದವರು, ಮೀನು ಮಾರುವವಳ ಗಂಡ ಕೂಡ. ಎಲ್ಲರ ಕೈಯಲ್ಲೂ ಮಡಿಸಿದ ಕಾಗದ. "ಅಕ್ಕ, ನಂದೂ ಸೇರ್ಸಿ ಹೊಲೀರಿ" ಎಂದ ಆ ಗಂಡ, ನೆಲ ನೋಡುತ್ತಾ. ಇಪ್ಪತ್ತಾರು ಸುರುಳಿಯಾದವು. ಬಾವುಟ ಮೊದಲಿನದಕ್ಕಿಂತ ಎರಡು ಪಟ್ಟು ಭಾರವಾಯಿತು.

ಹಡಗು ನೀರಿಗಿಳಿದ ದಿನ ಬಾವುಟ ಏರಿಸಿ ಒಂದು ಗುಂಡು ಹಾರಿಸುವುದು ವಾಡಿಕೆ. ಇಡೀ ಬಂದರು ದಡದಲ್ಲಿ ನೆರೆದಿತ್ತು. ಎವಾರಿಸ್ತೊ ಹಗ್ಗ ಎಳೆಸಿದ, ಬಾವುಟ ಮೇಲೆ ಹೋಯಿತು, ಜೋತುಬಿತ್ತು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಫಿರಂಗಿಯವ ಬತ್ತಿ ಹಿಡಿದು ನಿಂತ, ನನ್ನ ತಮ್ಮ ಕೈ ಎತ್ತಿಕೊಂಡು ನಿಂತ. ಹೊತ್ತು ಏರಿತು. ಮುಂದಿನ ಬೆಂಚಿನ ಹೆಂಗಸರು ಕೊಡೆ ಬಿಚ್ಚಿದರು. ಮೀನು ಮಾರುವವಳು ನನ್ನ ಪಕ್ಕದಲ್ಲೇ ಇದ್ದಳು, ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಇಡೀ ಊರು ಬಿಸಿಲಿನಲ್ಲಿ ತಲೆಯೆತ್ತಿ, ಆ ಬಾವುಟ ಬಿಚ್ಚಿಕೊಳ್ಳುವ ತನಕ ಕಾಯಿತು.